ಬಳಸಿದ ಹ್ಯಾಂಡ್‌ಹೆಲ್ಡ್ ಕನ್ಸೋಲ್: ದುಡ್ಡು ಎಣಿಸುವ ಮುಂಚೆ ಒಂದು ತಾಸು

ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಅಂಗಡಿಯಲ್ಲಾಗಲಿ, ಧಾರವಾಡದ ಹಾಸ್ಟೆಲ್ ಹುಡುಗರ ಹತ್ತಿರವಾಗಲಿ ಬಳಸಿದ ಹ್ಯಾಂಡ್‌ಹೆಲ್ಡ್ ಕನ್ಸೋಲ್, ಅಂದರೆ ಕೈಯಲ್ಲಿ ಹಿಡಿದು ವಿಡಿಯೊ ಗೇಮ್ ಆಡುವ ಯಂತ್ರ, ನೋಡಲು ಹೋದರೆ ಪ್ರೊಸೆಸರ್ ಬಗ್ಗೆ ಕೇಳುತ್ತ ಕೂರಬೇಡಿ. ಅದನ್ನು ಮನೆಯಲ್ಲೇ ಓದಿಕೊಳ್ಳಬಹುದು. ಅಲ್ಲಿ ನೋಡಬೇಕಾದ್ದು ಎಷ್ಟು ಸವೆದಿದೆ ಎಂಬುದನ್ನು.

ಮೊದಲು ಸ್ಟಿಕ್, ಅಂದರೆ ಹೆಬ್ಬೆರಳಿನಿಂದ ತಳ್ಳುವ ಪುಟ್ಟ ಕೋಲು. ನಿಂಟೆಂಡೊ ಸ್ವಿಚ್ ಆದರೆ ಸಿಸ್ಟಮ್ ಸೆಟ್ಟಿಂಗ್ಸ್‌ನಲ್ಲಿ ‘ಕಂಟ್ರೋಲರ್ಸ್ ಆ್ಯಂಡ್ ಸೆನ್ಸರ್ಸ್’, ಅದರೊಳಗೆ ‘ಕ್ಯಾಲಿಬ್ರೇಟ್ ಕಂಟ್ರೋಲ್ ಸ್ಟಿಕ್ಸ್’ ತೆರೆಯಿರಿ. ನಾಲ್ಕೂ ದಿಕ್ಕಿಗೆ ಹತ್ತತ್ತು ಸಲ ತಳ್ಳಿ. ಒಮ್ಮೆ ಫಟ್ಟನೆ ಬಿಡಿ, ಒಮ್ಮೆ ನಿಧಾನ ಬಿಡಿ. ನಿಧಾನ ಬಿಟ್ಟಾಗಲೇ ಕಳ್ಳ ಸಿಗುವುದು. ಪರದೆಯ ಮೇಲಿನ ಗುರುತು ನಡುವಿಗೆ ಬಂದು ನಿಲ್ಲಬೇಕು. ಪಕ್ಕಕ್ಕೇ ಉಳಿದರೆ, ಮುಟ್ಟದೆಯೂ ಸರಿದರೆ, ಅದು ಡ್ರಿಫ್ಟ್: ಒಳಗಿನ ಇಂಗಾಲದ ಪಟ್ಟಿ ಲೋಹ ಉಜ್ಜಿ ಸವೆದಿದೆ, ಇಲ್ಲವೇ ದೂಳು ಕೂತಿದೆ. ಕ್ಯಾಲಿಬ್ರೇಶನ್ (ಸ್ಟಿಕ್‌ನ ನಡು ಎಲ್ಲಿ ಎಂದು ಯಂತ್ರಕ್ಕೆ ಮತ್ತೆ ತಿಳಿಸುವುದು) ಅದನ್ನು ಸ್ವಲ್ಪ ದಿನ ಮುಚ್ಚಿಡುತ್ತದೆಯೇ ಹೊರತು ವಾಸಿ ಮಾಡುವುದಿಲ್ಲ. ಸ್ವಿಚ್‌ನಲ್ಲಿ ಜಾಯ್-ಕಾನ್, ಅಂದರೆ ಸ್ಟಿಕ್ ಇರುವ ಪಕ್ಕದ ಕಂಟ್ರೋಲರ್, ಕಳಚಿ ಬೇರೆ ಹಾಕಬಹುದು. ಸ್ವಿಚ್ ಲೈಟ್‌ನಲ್ಲಿ ಹಾಗಿಲ್ಲ, ಇಡೀ ಯಂತ್ರವನ್ನೇ ಬಿಚ್ಚಬೇಕು. ಲೆನೊವೊ ಲೀಜನ್ ಗೋ ಕನ್ಸೋಲ್‌ನಲ್ಲಿರುವ ಹಾಲ್ ಎಫೆಕ್ಟ್ ಸ್ಟಿಕ್ ಆಯಸ್ಕಾಂತದಿಂದ ಕೆಲಸ ಮಾಡುತ್ತದೆ. ಉಜ್ಜಾಟವಿಲ್ಲ, ಹಾಗಾಗಿ ಈ ತರಹದ ಸವೆತವೂ ಇಲ್ಲ.

ಆಮೇಲೆ ಒಂದು ಭಾರಿ ಆಟ ಹಚ್ಚಿ 20 ನಿಮಿಷ ಆಡಿ, ಮೊಣಕೈ ಎಲ್ಲಿಯೂ ಊರದೆ. ಸ್ವಿಚ್ ಲೈಟ್ 275 ಗ್ರಾಂ, ವಾಲ್ವ್ ಕಂಪನಿಯ ಕನ್ಸೋಲ್ ಆದ 2022ರ ಸ್ಟೀಮ್ ಡೆಕ್ 669 ಗ್ರಾಂ. ಮಣಿಕಟ್ಟು ಏನು ಹೇಳುತ್ತದೆ ಕೇಳಿ.

ಬ್ಯಾಟರಿ ಗೊತ್ತಾಗುವುದೂ ಇದೇ ಹೊತ್ತಿನಲ್ಲಿ. ಆ ಡೆಕ್‌ನ ಬ್ಯಾಟರಿ ಹೊಸದಿದ್ದಾಗ 40 ವ್ಯಾಟ್-ಅವರ್, ಅಂದರೆ 40 ವ್ಯಾಟ್ ಎಳೆದರೆ ಒಂದು ತಾಸು ಬರುವಷ್ಟು. ಪರ್ಫಾರ್ಮೆನ್ಸ್ ಓವರ್‌ಲೇ (ಆಟದ ಮೇಲೆಯೇ ಕಾಣುವ ಅಂಕಿಗಳ ಪಟ್ಟಿ) 20 ವ್ಯಾಟ್ ತೋರಿಸುತ್ತಿದ್ದರೆ 20 ನಿಮಿಷಕ್ಕೆ ಶೇ. 17ರ ಸುತ್ತ ಇಳಿಯಬೇಕು. ಶೇ. 25 ಇಳಿದರೆ ಬ್ಯಾಟರಿ ದಣಿದಿದೆ, ಬದಲಿಸುವ ಖರ್ಚನ್ನು ಬೆಲೆಯಲ್ಲಿ ಮುರಿಸಿ. ಹೊಸದೇ ಇದ್ದರೂ ಇಂಥ ಆಟಕ್ಕೆ 2 ತಾಸು ಅಷ್ಟೇ. ಬೆಂಗಳೂರು ರೈಲಿಗೆ ಸಾಲದು, 45 ವ್ಯಾಟ್‌ನ ಪವರ್ ಬ್ಯಾಂಕ್ ಬೇಕು. ವಿಂಡೋಸ್ ಕನ್ಸೋಲ್ ಆದರೆ ಬ್ಯಾಟರಿ ರಿಪೋರ್ಟ್ ತೆಗೆಸಿ, ಡಿಸೈನ್ ಕೆಪಾಸಿಟಿಯ (ಹೊಸದಿದ್ದಾಗಿನ ಅಳತೆ) ಪಕ್ಕ ಫುಲ್ ಚಾರ್ಜ್ ಕೆಪಾಸಿಟಿ (ಈಗ ತುಂಬುವಷ್ಟು) ಇಟ್ಟು ನೋಡಿ.

ಆಟ ನಿಲ್ಲಿಸುವ ಮುಂಚೆ ಮೇಲಿನ ಕಿಂಡಿಗೆ ಅಂಗೈ ಹಿಡಿಯಿರಿ. ಬಿಸಿಗಾಳಿ ರಭಸದಿಂದ ಬಂದರೆ ಒಳ್ಳೆಯದೇ. ಫ್ಯಾನಿನ ಸದ್ದು ದೊಡ್ಡದು, ಗಾಳಿ ಮಾತ್ರ ಸಣ್ಣದು ಅಂದರೆ ಒಳಗೆ ದೂಳು ಕಟ್ಟಿದೆ. ಸ್ವಿಚ್, ಡೆಕ್ ಎರಡಕ್ಕೂ ಕಂಪನಿ ಹೇಳುವ ಹೊರಗಿನ ಉಷ್ಣತೆಯ ಮಿತಿ 35 ಡಿಗ್ರಿ; ಗದಗಿನ ಏಪ್ರಿಲ್ ಮಧ್ಯಾಹ್ನ ಅದನ್ನು ದಾಟುತ್ತದೆ. ಡೆಕ್ ಗಾಳಿ ಎಳೆದುಕೊಳ್ಳುವುದು ಬೆನ್ನಿನಿಂದ, ಆದ್ದರಿಂದ ಕೌದಿಯ ಮೇಲಿಟ್ಟು ಆಡಬಾರದು.

ಪರದೆಗೆ ಪೂರ್ತಿ ಬಿಳಿ, ಪೂರ್ತಿ ಕಪ್ಪು ಚಿತ್ರ ಹಾಕಿದರೆ ಸತ್ತ ಚುಕ್ಕೆ ಕಾಣುತ್ತವೆ. ಅಂಗಡಿಯ ಬಾಗಿಲಿಗೆ ಬಂದು ಬಿಸಿಲಲ್ಲೂ ಒಮ್ಮೆ ನೋಡಿ.

ಕೊನೆಗೆ ಹಿಂಬದಿಯ ಸ್ಕ್ರೂ. ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ; ಯಾಕೆಂದು ಕೇಳಿ. ಮೊದಲ ಡೆಕ್‌ನಲ್ಲಿ ಸ್ಕ್ರೂ ನೇರ ಪ್ಲಾಸ್ಟಿಕ್ಕಿಗೇ ಕಚ್ಚುವುದರಿಂದ ಪದೇಪದೇ ಬಿಚ್ಚಿದರೆ ಹಿಡಿತ ಹೋಗುತ್ತದೆ. ಮೆಮೊರಿ ಕಾರ್ಡ್ ತೆಗೆಯದೆ ಡೆಕ್‌ನ ಹಿಂಬದಿಯ ಮುಚ್ಚಳ ಎತ್ತಿದರೆ ಕಾರ್ಡ್ ಅಲ್ಲೇ ಮುರಿಯುತ್ತದೆ. ನಿಮ್ಮೆದುರು ಬಿಚ್ಚಿ ತೋರಿಸುವುದಾದರೆ ಮೊದಲು ಕಾರ್ಡ್ ಹೊರಗೆ ತೆಗೆಸಿ.