ನಲ್ಲಿ ಬಿಚ್ಚುವ ಮೊದಲು ಸಿಂಕಿನ ತೂತು ಮುಚ್ಚಿ

ನನ್ನ ರಿಪೇರಿ ಶುರುವಾಗಿದ್ದು ಅಡುಗೆಮನೆಯ ನಲ್ಲಿಯಿಂದ. ಎಷ್ಟು ತಿರುಗಿಸಿದರೂ ಟಪ್ ಟಪ್ ನಿಲ್ಲುತ್ತಿರಲಿಲ್ಲ. ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ, ಇನ್ನೂ ಜೋರಾಗಿ ತಿರುಗಿಸಿದೆ. ಎರಡು ದಿನ ನಿಂತಿತು. ಮತ್ತೆ ಶುರು. ಮತ್ತೆ ಬಿಗಿ. ಕೊನೆಗೆ ಆ ನಲ್ಲಿ ಬೇರೆ ಯಾರ ಕೈಗೂ ಬಗ್ಗದೆ, ನಿಲ್ಲಿಸುವುದಕ್ಕೂ ಬಿಡುವುದಕ್ಕೂ ಮನೆಯವರೆಲ್ಲ ನನ್ನನ್ನೇ ಕೂಗುವ ಹಾಗಾಯಿತು.

ಒಂದು ರಾತ್ರಿ ನಿದ್ದೆ ಬಾರದೆ ಎಣಿಸಿದೆ. ಸೆಕೆಂಡಿಗೆ ಒಂದು ತೊಟ್ಟು, ದಿನಕ್ಕೆ 86,400. ಬೆಳಿಗ್ಗೆ ಎದ್ದವನೇ ಸ್ಪ್ಯಾನರ್ ಹುಡುಕಿದೆ.

ತಿರುಪಿನ ನಲ್ಲಿಯ ಒಳಗೆ ದೊಡ್ಡ ಗುಟ್ಟೇನಿಲ್ಲ. ಒಂದು ಸ್ಪಿಂಡಲ್, ಅದರ ತುದಿಯಲ್ಲಿ ಕಾಸಿನಗಲದ ರಬ್ಬರ್ ವಾಷರ್. ಹಿಡಿ ತಿರುಗಿಸಿದಾಗ ಸ್ಪಿಂಡಲ್ ಕೆಳಗಿಳಿದು ವಾಷರನ್ನು ನೀರು ಬರುವ ತೂತಿನ ಬಾಯಿಗೆ ಒತ್ತುತ್ತದೆ. ವಾಷರ್ ಸವೆದರೆ ಸಂದಿಯಲ್ಲಿ ನೀರು ನುಸುಳುತ್ತದೆ. ನಾನು ಬಲ ಹಾಕಿದಷ್ಟೂ ಅದೇ ವಾಷರನ್ನು ಅರೆದು ಹಾಕುತ್ತಿದ್ದೆ ಅಂತ ಬಿಚ್ಚಿದ ಮೇಲೆ ಗೊತ್ತಾಯಿತು. ಅದರ ಮೇಲೆ ಉಂಗುರದಂತೆ ಆಳವಾದ ಗುರುತು ಬಿದ್ದು, ಒಂದು ಅಂಚು ಹರಿದೇ ಹೋಗಿತ್ತು.

ಬಿಚ್ಚಿದ್ದೂ ಸುಲಭವಾಗಿ ಅಲ್ಲ. ಸಿಂಕಿನ ಕೆಳಗಿನ ವಾಲ್ವ್ ಮುಚ್ಚಿದೆ, ಅಷ್ಟು ಬುದ್ಧಿ ಇತ್ತು. ನಲ್ಲಿ ತೆರೆದು ಉಳಿದ ನೀರನ್ನೂ ಬಿಟ್ಟೆ. ಆದರೆ ಸಿಂಕಿನ ತೂತು ಮುಚ್ಚಲಿಲ್ಲ. ಹಿಡಿಯ ಪುಟ್ಟ ಸ್ಕ್ರೂ ಕೈಯಿಂದ ಜಾರಿ, ಸಿಂಕಿನಲ್ಲಿ ಎರಡು ಸುತ್ತು ಹೊಡೆದು, ನನ್ನ ಕಣ್ಣ ಮುಂದೆಯೇ ಒಳಗೆ ಹೋಯಿತು. ನಲ್ಲಿ ಬಿಚ್ಚಲು ಬಂದವನು ಈಗ ಸಿಂಕಿನ ಕೆಳಗಿನ ಪೈಪನ್ನೂ ಬಿಚ್ಚಬೇಕಾಯಿತು. ಅಲ್ಲಿ ಬಾಗಿದ ಒಂದು ಭಾಗ ಇರುತ್ತದಲ್ವಾ, ಟ್ರ್ಯಾಪ್ ಅಂತಾರೆ. ಅದರಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತು, ಚರಂಡಿಯ ವಾಸನೆ ಮೇಲೆ ಬರದಂತೆ ತಡೆಯುತ್ತದೆ. ಬಿದ್ದ ಸ್ಕ್ರೂ, ಉಂಗುರ ಎಲ್ಲ ಮೊದಲು ಕೂರುವುದೂ ಅಲ್ಲೇ. ಕೆಳಗೆ ಬಕೆಟ್ ಇಟ್ಟು ಬಿಚ್ಚಿದೆ, ಸ್ಕ್ರೂ ಸಿಕ್ಕಿತು. ಆ ಖುಷಿಯಲ್ಲಿ ಬಕೆಟ್ಟಿನ ಕೊಳಕು ನೀರನ್ನು ಅದೇ ಸಿಂಕಿಗೆ ಸುರಿದೆ. ಟ್ರ್ಯಾಪ್ ಕೈಯಲ್ಲೇ ಇತ್ತು. ನೀರೆಲ್ಲ ನೇರ ನನ್ನ ಕಾಲ ಮೇಲೆ.

ಹೊಸ ವಾಷರ್ ಹಾಕಿ ಕೂರಿಸಿದೆ. ವಾಲ್ವ್ ತೆರೆದೆ. ಟಪ್.

ಆಗ ಬಂದ ಸಿಟ್ಟಿಗೆ ನಲ್ಲಿಯನ್ನೇ ಬದಲಿಸಿಬಿಡುತ್ತಿದ್ದೆ. ಸುಮ್ನೆ ಇನ್ನೊಂದು ಸಲ ಬಿಚ್ಚಿ, ವಾಷರ್ ಕೂರುವ ಆ ಹಿತ್ತಾಳೆ ಬಾಯಿಯ ಮೇಲೆ ಕಿರುಬೆರಳು ಆಡಿಸಿದೆ. ಒಂದು ಕಡೆ ಚುರುಕ್ ಅಂತ ತಾಗಿತು. ಗಡಸು ನೀರಿನ ಸುಣ್ಣ ಅಕ್ಕಿಕಾಳಿನ ಅರ್ಧದಷ್ಟು ಗಟ್ಟಿಯಾಗಿ ಅಂಟಿಕೊಂಡಿತ್ತು. ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ನಯವಾದ ಮರಳು ಕಾಗದದಿಂದ ಮೆಲ್ಲಗೆ ಉಜ್ಜಿ, ನೀರು ಹಾಯಿಸಿ ತೊಳೆದು, ಮತ್ತೆ ಕೂರಿಸಿದೆ. ಈಗ ಎರಡು ಬೆರಳಲ್ಲಿ ತಿರುಗಿಸಿದರೂ ನಿಲ್ಲುತ್ತದೆ.

ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ನೋಡಬೇಕು ಅನ್ನುವುದು ಅಲ್ಲಿಂದ ಅಭ್ಯಾಸವಾಯಿತು. ನಲ್ಲಿಯ ಬಾಯಿಂದ ತೊಟ್ಟಿಕ್ಕಿದರೆ ವಾಷರ್ ಅಥವಾ ಅದು ಕೂರುವ ಜಾಗ. ಹಿಡಿಯ ಬುಡದಿಂದ ಜಿನುಗಿದರೆ ಅಲ್ಲಿನ ಪ್ಯಾಕಿಂಗ್ ಅಥವಾ ರಬ್ಬರ್ ರಿಂಗ್, ವಾಷರ್ ಬದಲಿಸಿ ಪ್ರಯೋಜನ ಇಲ್ಲ. ಕಾಲು ಸುತ್ತಿಗೇ ತೆರೆಯುವ ಈಗಿನ ನಲ್ಲಿಗಳಲ್ಲಿ ವಾಷರೇ ಇರುವುದಿಲ್ಲ, ಒಳಗೆ ಸೆರಾಮಿಕ್ ಬಿಲ್ಲೆಗಳ ಕಾರ್ಟ್ರಿಜ್ ಇರುತ್ತದೆ. ಅದನ್ನು ಇಡಿಯಾಗಿ ಬದಲಿಸಬೇಕು. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗುವುದು ಒಳ್ಳೆಯದು, ನೋಡಲು ಒಂದೇ ಥರ ಇದ್ದರೂ ಅಳತೆ ಬೇರೆ ಇರುತ್ತದೆ.

ಪೈಪಿನ ತಿರುಪಿನಲ್ಲಿ ನೀರು ಸೋರದಂತೆ ಸುತ್ತುವ ಟೆಫ್ಲಾನ್ ಟೇಪ್ ಬಗ್ಗೆ ಒಂದು ಮಾತು. ಮೊದಲ ಸಲ ಅದನ್ನು ಉಲ್ಟಾ ಸುತ್ತಿದ್ದೆ. ಬಿಗಿ ಮಾಡುತ್ತಾ ಹೋದ ಹಾಗೆ ಟೇಪ್ ಬಿಚ್ಚಿಕೊಂಡು ಗಂಟಾಗಿ ಹೊರಗೆ ಬಂತು. ತಿರುಪು ಇರುವ ತುದಿಯನ್ನು ನಮ್ಮ ಕಡೆ ಹಿಡಿದು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಎಳೆದು ಸುತ್ತಬೇಕು. ಬಿಗಿ ಮಾಡಿದಂತೆ ಆಗ ಟೇಪೂ ಬಿಗಿಯಾಗುತ್ತದೆ.

ಫ್ಲಶ್ ಟ್ಯಾಂಕಿನದ್ದು ಇದರ ಮುಂದೆ ಮಕ್ಕಳಾಟ. ಸದಾ ಸುರ್ ಅಂತ ಸದ್ದು ಬರುತ್ತಿತ್ತು. ಮುಚ್ಚಳ ತೆಗೆದು ನೋಡಿದೆ. ನೀರು ನಡುವಿನ ಕೊಳವೆಯ ಮೇಲಿಂದ ಒಳಗೆ ಬೀಳುತ್ತಿದ್ದರೆ ತೇಲುವ ಬುರುಡೆ, ಅಂದರೆ ಫ್ಲೋಟ್ ಕೆಳಗಿಳಿಸಬೇಕು. ನಮ್ಮದರಲ್ಲಿ ನೀರು ಆ ಮಟ್ಟಕ್ಕೆ ಏರುತ್ತಲೇ ಇರಲಿಲ್ಲ. ಟ್ಯಾಂಕಿಗೆ ನಾಲ್ಕು ಹನಿ ಬಣ್ಣ ಹಾಕಿ ಅರ್ಧ ಗಂಟೆ ಯಾರೂ ಫ್ಲಶ್ ಮಾಡದ ಹಾಗೆ ಕಾವಲು ಕಾದೆ. ಬಣ್ಣ ಕಮೋಡಿಗೆ ಇಳಿದಿತ್ತು, ಅಂದರೆ ತಳದ ರಬ್ಬರ್ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ. ಒರೆಸಿದೆ, ಲೋಳೆ ಹೋಯಿತು, ಸದ್ದೂ ನಿಂತಿತು.

ಬಾಗಿಲ ವಿಷಯದಲ್ಲಿ ನಾನು ಪೂರ್ತಿ ಸೋತಿದ್ದೇನೆ, ಅದನ್ನೂ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ರೂಮಿನ ಬಾಗಿಲು ಹಿಡಿಯತೊಡಗಿತು. ಉಜ್ಜುವ ಕಡೆಯೆಲ್ಲ ಹತ್ತರಿ ಹೊಡೆದು ಹಗುರ ಮಾಡಿದೆ. ಬೇಸಿಗೆಗೆ ಮರ ಒಣಗಿ ಕುಗ್ಗಿತು, ಈಗ ಸಂದಿಯಲ್ಲಿ ಹಲ್ಲಿ ಓಡಾಡುತ್ತದೆ. ಆಮೇಲೆ ನೋಡಿದರೆ ಮೇಲಿನ ಹಿಂಜ್‌ನ ಸ್ಕ್ರೂಗಳೇ ಸಡಿಲ, ಬಾಗಿಲು ಜೋತು ಬಿದ್ದು ಹಿಡಿಯುತ್ತಿತ್ತು. ತೂತು ದೊಡ್ಡದಾಗಿ ಸ್ಕ್ರೂ ಸುಮ್ಮನೆ ತಿರುಗುತ್ತಿತ್ತು. ಮದ್ದು ಕಿತ್ತ ಎರಡು ಬೆಂಕಿಕಡ್ಡಿಗಳನ್ನು ಮರದ ಗೋಂದಿನಲ್ಲಿ ಅದ್ದಿ ತೂತಿಗೆ ತುರುಕಿ, ಒಂದು ದಿನ ಒಣಗಲು ಬಿಟ್ಟು, ಸ್ಕ್ರೂ ಹಾಕಿದೆ. ಗಟ್ಟಿಯಾಗಿ ನಿಂತಿತು. ಹತ್ತರಿ ಹೊಡೆದ ಮರ ಮಾತ್ರ ವಾಪಸ್ ಬರಲಿಲ್ಲ.

ಕರೆಂಟಿನ ಕೆಲಸಕ್ಕೆ ನಾನು ತಡವಾಗಿ ಕೈ ಹಾಕಿದೆ. ಈಗಲೂ ಹೆದರಿಕೊಂಡೇ ಮಾಡುತ್ತೇನೆ, ಆ ಹೆದರಿಕೆ ಇರಲಿ ಅಂತಲೇ ನನ್ನ ಅಭಿಪ್ರಾಯ. ಸ್ವಿಚ್ ಆರಿಸಿದರೆ ಸಾಲದು, ಬೋರ್ಡಿನಲ್ಲಿ ಆ ಸಾಲಿನ ಕರೆಂಟನ್ನೇ ಕಡಿಯುವ ಎಂಸಿಬಿ ಇಳಿಸಬೇಕು. ವೈರಿಂಗ್ ಮಾಡಿದವರು ತಪ್ಪಾಗಿ ಸ್ವಿಚ್ಚನ್ನು ಕರೆಂಟ್ ತರುವ ಫೇಸ್ ತಂತಿ ಬಿಟ್ಟು, ವಾಪಸ್ ಒಯ್ಯುವ ನ್ಯೂಟ್ರಲ್‌ಗೆ ಹಾಕಿದ್ದರೆ ಸ್ವಿಚ್ ಆರಿಸಿದರೂ ಫ್ಯಾನಿನ ತಂತಿಯಲ್ಲಿ ಕರೆಂಟ್ ಇರುತ್ತದೆ. ಟೆಸ್ಟರನ್ನೂ ಸುಮ್ಮನೆ ನಂಬುವುದಿಲ್ಲ. ಮೊದಲು ಕರೆಂಟ್ ಇರುವ ಕಡೆ ಇಟ್ಟು ಉರಿಯುತ್ತದೆಯೇ ನೋಡಿ, ಆಮೇಲೆ ಕೆಲಸದ ಜಾಗದಲ್ಲಿ ಇಡುತ್ತೇನೆ.

ಫ್ಯಾನ್ ಒಂದು ದಿನ ಗುಂಯ್ ಅನ್ನುತ್ತಾ ನಿಂತೇ ಇತ್ತು. ಉದ್ದ ಕೋಲಿನಿಂದ ರೆಕ್ಕೆಯನ್ನು ಮೆಲ್ಲಗೆ ತಳ್ಳಿದರೆ ತಿರುಗುತ್ತದೆ, ಬಿಟ್ಟರೆ ತಾನಾಗಿ ಶುರುವಾಗುವುದಿಲ್ಲ. ಹೀಗಾದರೆ ಮೊದಲ ಅನುಮಾನ ಕೆಪಾಸಿಟರ್ ಮೇಲೆ, ಫ್ಯಾನ್ ಶುರುವಾಗಲು ನೆರವಾಗುವ ಪುಟ್ಟ ಭಾಗ ಅದು. ನಮ್ಮದರ ಮೇಲೆ 2.5 ಮೈಕ್ರೋಫ್ಯಾರಡ್ ಅಂತ ಬರೆದಿತ್ತು. ಅಷ್ಟರದ್ದೇ ತಂದೆ. ಜಾಸ್ತಿ ಹಾಕಿದರೆ ಜೋರಾಗಿ ತಿರುಗುತ್ತದೆ ಅಂತ ಯಾರೋ ಹೇಳಿದ್ದರು, ಕೇಳಲಿಲ್ಲ. ಮೋಟಾರ್ ಬಿಸಿಯಾಗುತ್ತದೆ. ಬಿಚ್ಚುವ ಮೊದಲು ಯಾವ ತಂತಿ ಎಲ್ಲಿಗೆ ಅಂತ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡಿದ್ದೆ, ಇಲ್ಲದಿದ್ದರೆ ಅರ್ಧ ದಿನ ಹೋಗುತ್ತಿತ್ತು.

ನಿಜವಾಗಿ ತಲೆ ಕೆಡಿಸಿದ್ದು ಮಾತ್ರ ಆರ್‌ಸಿಸಿಬಿ. ಬೋರ್ಡಿನಲ್ಲಿ ಟೆಸ್ಟ್ ಅಂತ ಪುಟ್ಟ ಗುಂಡಿ ಇರುವುದು ಅದೇ. ಮನೆಯೊಳಗೆ ಹೋದ ಕರೆಂಟೂ ವಾಪಸ್ ಬಂದದ್ದೂ ಸಮ ಇದೆಯಾ ಅಂತ ಅದು ಸದಾ ತಾಳೆ ನೋಡುತ್ತಿರುತ್ತದೆ. ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟುವಷ್ಟರಲ್ಲಿ ಕರೆಂಟ್ ಕಡಿದು ಬೀಳುತ್ತದೆ. ನಮ್ಮದು ದಿನಕ್ಕೆ ಎರಡು ಮೂರು ಸಲ ಬೀಳತೊಡಗಿತು, ಅದೂ ಹೊತ್ತು ಗೊತ್ತಿಲ್ಲದೆ. ವಾಷಿಂಗ್ ಮೆಷಿನ್ ಹಾಕಿದರೆ ಬೀಳುತ್ತದೆ, ಇಸ್ತ್ರಿ ಪೆಟ್ಟಿಗೆ ಹಾಕಿದರೂ ಬೀಳುತ್ತದೆ. ಒಂದು ವಾರ ವಾಷಿಂಗ್ ಮೆಷಿನ್ನನ್ನೇ ಬೈದೆ.

ಒಂದು ಭಾನುವಾರ ಎಲ್ಲ ಸ್ವಿಚ್ ಆರಿಸಿ, ಒಂದೊಂದಾಗಿ ಹಾಕುತ್ತಾ ಬಂದೆ. ಏನೂ ಹೊಂದಲಿಲ್ಲ. ಯಾವ ದೊಡ್ಡ ಉಪಕರಣ ಹಾಕಿದರೂ ಬೀಳುತ್ತದೆ, ಎಲ್ಲವೂ ಒಟ್ಟಿಗೆ ಕೆಡಲು ಸಾಧ್ಯವಾ? ಚಹಾ ಕುಡಿಯುತ್ತಾ ಕೂತಾಗ ಹೊಳೆಯಿತು. ನಮ್ಮ ಸ್ವಿಚ್ಚುಗಳು ಕಡಿಯುವುದು ಫೇಸ್ ತಂತಿಯನ್ನು ಮಾತ್ರ. ನ್ಯೂಟ್ರಲ್ ಮತ್ತು ನೆಲಕ್ಕೆ ಹೋಗುವ ಅರ್ತ್ ತಂತಿ, ಎರಡೂ ಉಪಕರಣಕ್ಕೆ ಸೇರಿಕೊಂಡೇ ಇರುತ್ತವೆ. ಆರಿಸಿಟ್ಟ ಯಾವುದೋ ಉಪಕರಣದೊಳಗೆ ನ್ಯೂಟ್ರಲ್ ಅರ್ತ್‌ಗೆ ತಾಗಿದ್ದರೆ, ಬೇರೆ ಉಪಕರಣದ ಕರೆಂಟು ವಾಪಸ್ ಬರುವಾಗ ಒಂದು ಪಾಲು ಆ ಕಳ್ಳದಾರಿಯಲ್ಲಿ ಹೋಗುತ್ತದೆ. ಕೆಟ್ಟದ್ದು ಒಂದು, ಸಿಕ್ಕಿಬೀಳುವುದು ಇನ್ನೊಂದು.

ಹಾಗಾದರೆ ಸ್ವಿಚ್ ಆರಿಸಿ ಉಪಯೋಗವಿಲ್ಲ, ಪ್ಲಗ್ಗನ್ನೇ ಕೀಳಬೇಕು. ಎಲ್ಲ ಪ್ಲಗ್ ಕಿತ್ತು, ಇಸ್ತ್ರಿ ಪೆಟ್ಟಿಗೆ ಒಂದನ್ನೇ ಹಾಕಿದೆ. ಬೀಳಲಿಲ್ಲ. ಫ್ರಿಜ್ ಪ್ಲಗ್ ಚುಚ್ಚಿದೆ, ಟಿವಿ ಚುಚ್ಚಿದೆ, ವಾಷಿಂಗ್ ಮೆಷಿನ್ ಚುಚ್ಚಿದೆ. ಸುಮ್ಮನಿತ್ತು. ಗೀಸರ್ ಪ್ಲಗ್ ಚುಚ್ಚಿದೆ, ಅದರ ಸ್ವಿಚ್ ಹಾಕಿರಲೂ ಇಲ್ಲ. ಠಪ್! ಅಷ್ಟು ಖುಷಿಯಿಂದ ಯಾವತ್ತೂ ಕತ್ತಲಲ್ಲಿ ನಿಂತಿರಲಿಲ್ಲ.

ಗೀಸರನ್ನು ನಾನು ಬಿಚ್ಚಲಿಲ್ಲ. ನೀರು, ಬಿಸಿ, ಕರೆಂಟ್ ಮೂರೂ ಒಂದೇ ಡಬ್ಬದಲ್ಲಿರುವ ಜಾಗ ಅದು. ಎಲೆಕ್ಟ್ರಿಷಿಯನ್ ಬಂದು ಬಿಚ್ಚಿದರು, ಎಲಿಮೆಂಟಿನ ಕೊಳವೆ ಸುಣ್ಣ ಕಟ್ಟಿ ಒಂದು ಕಡೆ ಬಿರುಕು ಬಿಟ್ಟು ಒಳಗೆ ನೀರು ಹೋಗಿತ್ತು. ಗೀಸರ್ ಅಂತ ಮೊದಲೇ ಹೇಳಿದ್ದರಿಂದ ಅವರು ಬೇರೆಲ್ಲೂ ಹುಡುಕಲಿಲ್ಲ. ಗ್ಯಾಸ್ ಪೈಪ್, ಮೀಟರ್ ಕಡೆಯ ತಂತಿ, ಮೈಕ್ರೋವೇವ್ ಒಳಭಾಗ ಇವನ್ನೂ ನಾನು ಮುಟ್ಟುವುದಿಲ್ಲ. ಮೈಕ್ರೋವೇವಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ಕರೆಂಟ್ ಹಿಡಿದಿಟ್ಟುಕೊಂಡಿರಬಹುದು.

ಈಗ ಹೊಸ ತಲೆನೋವು, ಅದೇ ಫ್ಯಾನ್. ತಿರುಗುವುದೇನೋ ಚೆನ್ನಾಗಿ ತಿರುಗುತ್ತದೆ, ಆದರೆ ಸುತ್ತಿಗೊಮ್ಮೆ ಟಿಕ್ ಅನ್ನುತ್ತದೆ. ರೆಕ್ಕೆಯ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದೆ, ಹೋಗಲಿಲ್ಲ. ವೇಗ ಕಡಿಮೆ ಮಾಡಿದರೆ ಟಿಕ್ಕೂ ನಿಧಾನವಾಗುತ್ತದೆ, ಅಂದರೆ ತಿರುಗುವ ಭಾಗ ಏನಕ್ಕೋ ತಾಗುತ್ತಿದೆ. ಕೆಪಾಸಿಟರ್ ಹಾಕಿದ ದಿನ ಫ್ಯಾನ್ ತೂಗುವ ಕಡ್ಡಿಯ ಮೇಲಿನ ಪ್ಲಾಸ್ಟಿಕ್ ಕಪ್ ಕೂರಿಸಿದವನು ನಾನೇ. ನಾಳೆ ಎಂಸಿಬಿ ಇಳಿಸಿ, ಏಣಿ ಹತ್ತಿ ಅದನ್ನು ಒಂದು ಬೆರಳು ಮೇಲೆ ಸರಿಸಿ ನೋಡಬೇಕು.