ಹಾಲನ್ನ ತಿಂದು ಬದುಕಿದ್ದಲ್ಲ ನಮ್ಮ ಸುಬ್ಬಿ

ನಮ್ಮದು ಶಿರಸಿಯಿಂದ ಹದಿನಾಲ್ಕು ಕಿಲೋಮೀಟರ್ ಒಳಗಿರುವ ಮನೆ. ಕೆಳಗೆ ಅಡಿಕೆ ತೋಟ, ಹಿಂದೆ ಬೆಟ್ಟ. ಮೊಟ್ಟೆಯ ಸಿಪ್ಪೆ ಕೂಡ ಹೊಸ್ತಿಲು ದಾಟಿದ್ದಿಲ್ಲ. ಈ ಮನೆಯಲ್ಲಿ ಸುಬ್ಬಿ ಎಂಬ ಬೆಕ್ಕು ಹನ್ನೆರಡು ವರ್ಷ ಹಾಲನ್ನ ತಿಂದುಕೊಂಡು ಗುಂಡಗಿತ್ತು. ಹಾಗಂತ ನಾವು ನಂಬಿದ್ದೆವು. 'ನಮ್ಮನೆ ಬೆಕ್ಕು ಅಪ್ಪಟ ಸಸ್ಯಾಹಾರಿ' ಎಂದು ನೆಂಟರ ಮುಂದೆ ನಾನೇ ಎಷ್ಟು ಸಲ ಹೇಳಿದ್ದೇನೋ.

ಅದು ಹುಟ್ಟಿದ್ದು 2012ರ ಮಾರಿಜಾತ್ರೆ ಮುಗಿದ ಮೇಲಿನ ಮಳೆಗಾಲದಲ್ಲಿ. ನಮ್ಮ ಕಡೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ಲೆಕ್ಕದಲ್ಲಿ ಆರು ಜಾತ್ರೆ ಕಂಡ ಬೆಕ್ಕು. 2024ರ ಮಳೆಗಾಲಕ್ಕೆ ತಕರಾರು ಶುರುವಾಯಿತು. ತಟ್ಟೆಯ ಸದ್ದಿಗೆ ಓಡಿ ಬರುತ್ತಿತ್ತು, ಮೂಸುತ್ತಿತ್ತು, ನನ್ನ ಮುಖ ನೋಡುತ್ತಿತ್ತು. ಆಮೇಲೆ ಮುಂಗಾಲಿನಿಂದ ನೆಲ ಕೆರೆದು, ಹೇಲು ಮುಚ್ಚುವ ಹಾಗೆ ಮಾಡಿ ಹೋಗಿಬಿಡುತ್ತಿತ್ತು. ನಾನು ಕಲಸಿದ ಅನ್ನಕ್ಕೆ ಅಷ್ಟು ಮರ್ಯಾದೆ! ತುಪ್ಪ ಹಾಕಿದರೆ ತುಪ್ಪ ಮಾತ್ರ ನೆಕ್ಕಿ ಅನ್ನ ಬಿಡುತ್ತಿತ್ತು.

"ಸೊಕ್ಕು ಬಂಜು ಅದ್ಕೆ. ಎರಡು ದಿನ ಎಂತೂ ಹಾಕಡ, ತನ್ನಷ್ಟಕ್ಕೇ ತಿಂತು," ಎಂದರು ಅತ್ತೆ.

ಮಕ್ಕಳಿಗೆ, ನಾಯಿಗೆ ಈ ಮದ್ದು ನಡೆಯುತ್ತದೇನೋ. ಬೆಕ್ಕಿಗೆ ಮಾಡಬಾರದು ಎಂದು ಆಮೇಲೆ ತಿಳಿಯಿತು. ಬೆಕ್ಕು ಎರಡು ಮೂರು ದಿನ ಏನೂ ತಿನ್ನದೆ ಇದ್ದರೆ ಮೈಯ ಕೊಬ್ಬು ಕರಗಿ ಲಿವರ್‌ನಲ್ಲಿ ತುಂಬಿಕೊಳ್ಳುತ್ತದೆ. ದಪ್ಪ ಬೆಕ್ಕಿಗೆ ಅಪಾಯ ಇನ್ನೂ ಹೆಚ್ಚು. ನಾನು ಅತ್ತೆಯ ಮಾತು ಕೇಳಲಿಲ್ಲ, ಆದರೆ ಅದು ಬುದ್ಧಿವಂತಿಕೆಯಿಂದಲ್ಲ. ಸುಬ್ಬಿ ಕೂಗುವುದನ್ನು ಕೇಳಲು ಆಗುತ್ತಿರಲಿಲ್ಲ, ಅಷ್ಟೆ.

ಚಾಲಿ ಅಡಿಕೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಬುಟ್ಟಿ ಇಟ್ಟು, ಅದರಲ್ಲಿ ಸುಬ್ಬಿಯನ್ನು ಕೂರಿಸಿ ತೂಗಿದೆವು. ಎರಡು ಕಿಲೋ ಒಂಬೈನೂರು ಗ್ರಾಂ. ಹಿಂದಿನ ವರ್ಷ ತಮಾಷೆಗೆ ತೂಗಿದಾಗ ಮೂರೂ ಮುಕ್ಕಾಲು ಕಿಲೋ ಇತ್ತು. ಎಂಟುನೂರೈವತ್ತು ಗ್ರಾಂ ಏನು ಮಹಾ ಅನ್ನಿಸಬಹುದು. ಅರವತ್ತು ಕಿಲೋ ಇರುವ ನಾನು ಹದಿಮೂರು ಕಿಲೋಕ್ಕಿಂತ ಹೆಚ್ಚು ಇಳಿದಂತೆ ಅದು. ಹತ್ತರಲ್ಲಿ ಒಂದು ಪಾಲು ಇಳಿದರೇ ಡಾಕ್ಟರ ಹತ್ತಿರ ಹೋಗಬೇಕಂತೆ.

ಅದೇ ವರ್ಷ ಅಟ್ಟದ ಮೇಲೆ ಇಲಿಗಳ ಕಾರುಬಾರೂ ಜೋರಾಗಿತ್ತು. ಮೊದಲೆಲ್ಲ ಬೆಳಗ್ಗೆ ಬಚ್ಚಲು ಬಾಗಿಲಲ್ಲಿ ಇಲಿಯ ಬಾಲವೋ, ಕರುಳಿನ ತುಂಡೋ ಬಿದ್ದಿರುತ್ತಿತ್ತು, ಬೈದುಕೊಂಡು ಗುಡಿಸುತ್ತಿದ್ದೆ. ಅದು ಕಾಣದೆ ಒಂದು ವರ್ಷವಾಗಿತ್ತು. ಸುಬ್ಬಿ ಅಟ್ಟದ ಏಣಿ ಹತ್ತುವುದನ್ನೇ ಬಿಟ್ಟಿತ್ತು. ಈ ಎರಡನ್ನೂ ಜೋಡಿಸಿ ನೋಡಲು ನನಗೆ ಇಷ್ಟು ದಿನ ಬೇಕಾಯಿತಲ್ಲ! ಅದರ ಊಟ ಇದ್ದದ್ದು ಅಟ್ಟದಲ್ಲಿ, ತೋಟದಲ್ಲಿ. ಇಲಿ, ಓತಿ, ಹಲ್ಲಿ, ಮಿಡತೆ. ನಮ್ಮ ಹಾಲನ್ನ ಊಟದ ಕೊನೆಗೆ ಕುಡಿಯುವ ಮಜ್ಜಿಗೆ ಇದ್ದ ಹಾಗೆ. ಬೇಟೆ ನಿಂತ ಮೇಲೆ ಮಜ್ಜಿಗೆ ಮಾತ್ರ ಉಳಿಯಿತು.

ಬೆಕ್ಕಿಗೆ ಟೌರಿನ್ ಎಂಬ ಪೋಷಕಾಂಶ ಆಹಾರದಿಂದಲೇ ಸಿಗಬೇಕು, ಬೇಕಾದಷ್ಟನ್ನು ಅದರ ಮೈ ತಯಾರಿಸಿಕೊಳ್ಳಲಾರದು. ಅದು ಇರುವುದು ಮಾಂಸ, ಮೀನಿನಲ್ಲಿ. ಅನ್ನದಲ್ಲಿ ಇಲ್ಲ, ಹಾಲಿನಲ್ಲಿ ಸಾಲದು. ಕಡಿಮೆಯಾದರೆ ಕಣ್ಣು ಹೋಗಬಹುದು, ಹೃದಯ ಸೋಲಬಹುದು. ಹೃದಯದ ನಂಟನ್ನು ಕ್ಯಾಲಿಫೋರ್ನಿಯಾದ ಪಶುವೈದ್ಯರು 1987ರಲ್ಲೇ ತೋರಿಸಿಕೊಟ್ಟಿದ್ದಾರೆ. ಬೆಕ್ಕಿನ ನಾಲಿಗೆಗೆ ಸಿಹಿ ತಿಳಿಯುವುದಿಲ್ಲ ಎಂಬುದೂ ನನಗೆ ಸುಬ್ಬಿಯ ಈ ತಕರಾರಿನ ಹೊತ್ತಿಗೇ ಗೊತ್ತಾದದ್ದು. ತೊಡದೇವು ಮಾಡಿದ ದಿನ ಸುಬ್ಬಿ ಕಾಲಿಗೆ ಸುತ್ತುತ್ತಿದ್ದುದು ಬೆಲ್ಲಕ್ಕಲ್ಲ, ತುಪ್ಪಕ್ಕೆ.

ಆದರೆ ಬಾಯಿಯ ತೊಂದರೆ ಕಂಡುಹಿಡಿದದ್ದು ಅತ್ತೆ. ಅವರಿಗೆ ಎಂಬತ್ತೆರಡು, ಕಟ್ಟಿಸಿದ ಹಲ್ಲು. ಒಂದು ಸಂಜೆ ಸುಬ್ಬಿ ತಲೆ ಒಂದು ಬದಿಗೆ ವಾಲಿಸಿ ದೋಸೆ ಚೂರು ಅಗಿಯಲು ಹೋಗಿ ಕೆಡವಿತು. "ಅದ್ಕೆ ಸೊಕ್ಕಲ್ದೇ, ಹಲ್ಲು ನೋವು. ನಾನೂ ಹೀಂಗೇ ತಿಂತಿದ್ದಿ," ಎಂದರು. ತುಟಿ ಎತ್ತಿ ನೋಡಿದರೆ ಒಸಡು ಕೆಂಪಗೆ, ದವಡೆ ಹಲ್ಲಿನ ಬುಡದಲ್ಲಿ ಹಳದಿ ಗಾರೆ, ಬಾಯಿಯೋ ಗಬ್ಬು ನಾತ. ಹಸಿವಿಲ್ಲದ ಬೆಕ್ಕು ಸಾಮಾನ್ಯವಾಗಿ ತಟ್ಟೆಯ ಹತ್ತಿರ ಬರುವುದಿಲ್ಲ. ಓಡಿ ಬಂದು, ಬಾಯಿ ಹಾಕಿ, ಹಿಂದೆ ಸರಿದರೆ ಮೊದಲು ಹಲ್ಲು ನೋಡಬೇಕು. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಹತ್ತಿರದಲ್ಲಿ ದನ ನೋಡುವ ಡಾಕ್ಟರೊಬ್ಬರು "ವಯಸ್ಸಾಯ್ತಲ್ಲ" ಎಂದು ಕೈ ತೊಳೆದುಕೊಂಡಿದ್ದರು.

ಹುಬ್ಬಳ್ಳಿಗೆ ಕರೆದೊಯ್ದು ಎರಡು ಹಲ್ಲು ಕೀಳಿಸಿದೆವು. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಶ್ಮಲ, ತುಸು ಮೇಲಿತ್ತು. ಕಿಡ್ನಿ ಸೋಲಲು ಶುರುವಾಗಿದೆ, ವಯಸ್ಸಾದ ಬೆಕ್ಕುಗಳಲ್ಲಿ ಇದು ಸಾಮಾನ್ಯ ಎಂದರು ಅಲ್ಲಿಯ ಡಾಕ್ಟರು. ಉಪ್ಪು ಬೇಡ, ಒಣ ಕಾಳಿನಂಥ ಆಹಾರಕ್ಕಿಂತ ನೀರಿನಂಶ ಇರುವುದನ್ನು ಕೊಡಿ, ತೂಕ ಬರೆದಿಡಿ. ಕಿಡ್ನಿಯ ಕಾರಣಕ್ಕೆ ಮಾಂಸ ಪೂರ್ತಿ ಬಿಡಿಸಬೇಕೇ ಎಂದು ಆಸೆಯಿಂದ ಕೇಳಿದೆ. (ಬಿಡಿಸಿ ಎಂದಿದ್ದರೆ ಮನೆಯಲ್ಲಿ ನನ್ನ ಕೆಲಸ ಎಷ್ಟು ಸುಲಭವಾಗುತ್ತಿತ್ತು!) "ಈಗಲೇ ಸೊರಗಿದೆ, ತಿನ್ನುವುದು ಮುಖ್ಯ" ಎಂದರು.

ಹೀಗೆ ಮೀನಿನ ಪೌಚ್, ಅಂದರೆ ಬೆಕ್ಕಿನ ಸಿದ್ಧ ಊಟದ ಪೊಟ್ಟಣ, ನಮ್ಮ ಮನೆಗೆ ಬಂತು. ಅಡಿಗೆಮನೆಗಲ್ಲ, ಬಚ್ಚಲುಮನೆಯ ಗೂಡಿಗೆ. ಮೊದಲ ದಿನ ಇಡೀ ಪೌಚ್ ಸುರಿದೆ. ಗಬಗಬ ತಿಂದು ರಾತ್ರಿಯೆಲ್ಲ ಭೇದಿ. ಆಮೇಲೆ ಒಂದು ಚಮಚದಿಂದ ಶುರುಮಾಡಿ ಹತ್ತು ದಿನದಲ್ಲಿ ಹೆಚ್ಚಿಸುತ್ತ ಹೋದೆ, ಹಾಲನ್ನು ಅಷ್ಟಷ್ಟೇ ಇಳಿಸಿದೆ. ದೊಡ್ಡ ಬೆಕ್ಕುಗಳಲ್ಲಿ ಎಷ್ಟೋ ಬೆಕ್ಕುಗಳಿಗೆ ಹಾಲು ಜೀರ್ಣವಾಗುವುದೇ ಇಲ್ಲ. ಹಾಲು ನಿಂತ ಮೇಲೆ ಅದರ ಹೇಲು ಗಟ್ಟಿಯಾಯಿತು.

ಇನ್ನೊಂದು ತಪ್ಪು ದೊಡ್ಡದು. ಡಾಕ್ಟರು ಕೊಟ್ಟ ಮಾತ್ರೆ ಪುಡಿಮಾಡಿ ಟ್ಯೂನಾ ಮೀನಿನ ಪೌಚ್‌ನಲ್ಲಿ ಬೆರೆಸಿದೆ. ಒಂದು ತುತ್ತು ತಿಂದು ನೊರೆ ಕಾರಿತು. ಆವತ್ತಿನಿಂದ ಇವತ್ತಿನವರೆಗೆ ಟ್ಯೂನಾ ಮೂಸಿಯೂ ನೋಡಿಲ್ಲ. ಕಹಿಯನ್ನು ಅದು ಮಾತ್ರೆಯ ಲೆಕ್ಕಕ್ಕೆ ಬರೆಯುವುದಿಲ್ಲ, ಆ ಊಟದ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಈಗ ಮಾತ್ರೆಯನ್ನು ಊಟದ ಹೊತ್ತು ಬಿಟ್ಟು, ತುಪ್ಪದ ಉಂಡೆಯಲ್ಲಿ ಅಡಗಿಸಿ ನೇರ ಗಂಟಲಿಗೆ ಹಾಕುತ್ತೇನೆ. ಹಿಂದೆಯೇ ಸಿರಿಂಜಿನಲ್ಲಿ ತುಸು ನೀರು.

ಬಡಿಸುವ ರೀತಿಯೂ ಬದಲಾಯಿತು. ವಯಸ್ಸಾದಂತೆ ಮೂಗು ಮಂಕಾಗುತ್ತದೆ, ವಾಸನೆ ಇಲ್ಲದ್ದನ್ನು ಬೆಕ್ಕು ಊಟ ಎಂದು ಒಪ್ಪುವುದಿಲ್ಲ. ಶ್ರಾವಣದ ಥಂಡಿಯಲ್ಲಿ ಪೌಚ್ ಮಂಜುಗಡ್ಡೆಯಂತಿರುತ್ತದೆ. ಅದನ್ನು ಹಂಡೆಯ ಬಿಸಿನೀರಿನ ಚೊಂಬಿನಲ್ಲಿ ಐದು ನಿಮಿಷ ಮುಳುಗಿಸುತ್ತೇನೆ, ಶಿಶುವಿನ ಹಾಲು ನೋಡಿದ ಹಾಗೆ ಮಣಿಕಟ್ಟಿನ ಮೇಲೆ ಬಿಟ್ಟು ನೋಡುತ್ತೇನೆ. ಇಲಿಯ ಮೈ ಬಿಸಿ ಇದ್ದಷ್ಟು ಇರಬೇಕು ಎಂಬುದು ನನ್ನ ಲೆಕ್ಕ. ಆಳದ ಬಟ್ಟಲಿನ ಬದಲು ಅಡಿಕೆ ಹಾಳೆಯ ಚಪ್ಪಟೆ ತಟ್ಟೆ: ಮೀಸೆಗೆ ಅಂಚು ತಾಗದು, ಸೋಪಿನ ವಾಸನೆ ಇಲ್ಲ, ತೊಳೆಯುವ ಗೋಜೂ ಇಲ್ಲ. ತೋಟಕ್ಕೆ ಎಸೆದರಾಯಿತು. ನೀರನ್ನು ಊಟದಿಂದ ದೂರ, ತುಳಸಿಕಟ್ಟೆಯ ಹತ್ತಿರದ ಕಲ್ಲುಮರಿಗೆಯಲ್ಲಿ ಇಟ್ಟಿದ್ದೇನೆ. ದಿನಕ್ಕೆ ಐದು ಸಲ ಸ್ವಲ್ಪ ಸ್ವಲ್ಪ. ಇಪ್ಪತ್ತು ನಿಮಿಷದಲ್ಲಿ ತಿನ್ನದಿದ್ದರೆ ಎತ್ತಿಬಿಡುತ್ತೇನೆ. ಒಡೆದ ಪೌಚ್ ಫ್ರಿಜ್ಜಿಗೆ ಹೋಗುವಂತಿಲ್ಲ, ಅದು ಮನೆಯ ಕಾನೂನು. ಉಳಿದದ್ದೆಲ್ಲ ನಾಯಿಯ ಪಾಲು, ನಾಯಿ ದಪ್ಪಗಾಗಿದೆ.

ತೋಟದ ಕೆಲಸಕ್ಕೆ ಬರುವ ಅಕ್ಕ ವಾರಕ್ಕೆರಡು ದಿನ ಡಬ್ಬಿಯಲ್ಲಿ ಬೇಯಿಸಿದ ಕೋಳಿಯೋ, ಕುಮಟೆ ಕಡೆಯಿಂದ ಘಟ್ಟ ಹತ್ತಿದ ಬಂಗಡೆಯೋ ತರುತ್ತಾಳೆ. ಮುಳ್ಳು ತೆಗೆದು, ಉಪ್ಪು, ಖಾರ, ನೀರುಳ್ಳಿ, ಬೆಳ್ಳುಳ್ಳಿ ಒಂದೂ ಇಲ್ಲದೆ. ನೀರುಳ್ಳಿ ಬೆಕ್ಕಿನ ರಕ್ತ ಕೆಡಿಸುತ್ತದೆ. ಹಸಿ ಮೀನು ಬೇಡವೆಂದಿದ್ದೇನೆ, ಕೆಲವು ಹಸಿ ಮೀನುಗಳಲ್ಲಿ ಬಿ1 ಜೀವಸತ್ವ ನಾಶಮಾಡುವ ಅಂಶವಿದೆ. ಬೇಯಿಸಿದರೆ ಅದು ಹೋಗುತ್ತದೆ. ಅವಳು ಮೊದಲು ಪ್ರೀತಿಯಿಂದ ತಂದದ್ದು ಒಣಮೀನು. ಉಪ್ಪಿನ ಕಾರಣ ಅದನ್ನೂ ನಿಲ್ಲಿಸಿದೆ. ಸುಬ್ಬಿಗೆ ಆ ಸಿಟ್ಟು ಇನ್ನೂ ಇದೆ.

ತಕ್ಕಡಿಯಲ್ಲಿ ಈಗ ಮೂರು ಕಿಲೋ ಮುನ್ನೂರರ ಆಸುಪಾಸು. ತಿಂಗಳಿಗೊಮ್ಮೆ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ, ಏಕಾದಶಿಯ ಪಕ್ಕದಲ್ಲೇ.

ಇಲಿಗಳಿಗೆ ಮಾತ್ರ ಇದರಿಂದ ಏನೂ ಆಗಿಲ್ಲ. ಕಳೆದ ತಿಂಗಳು ಪಕ್ಕದ ಮನೆಯಿಂದ ಒಂದು ಗಂಡು ಮರಿ ತಂದೆವು. ಮರಿಯಲ್ಲಿ ಕಂಡ ರುಚಿಯನ್ನೇ ಬೆಕ್ಕು ಮುಂದೆಯೂ ಹುಡುಕುತ್ತದೆ, ಹಾಗಾಗಿ ಇವನಿಗೆ ಈಗಿನಿಂದಲೇ ಒಣದು, ಒದ್ದೆಯದು, ಕೋಳಿ, ಮೀನು ಎಲ್ಲ ತುಸು ತುಸು. ಸುಬ್ಬಿ ತಿನ್ನುವಾಗ ಮಾತ್ರ ಬಚ್ಚಲು ಬಾಗಿಲು ಹಾಕಬೇಕು. ಇಲ್ಲದಿದ್ದರೆ ಅದು ಎರಡು ತುತ್ತಿಗೊಮ್ಮೆ ತಲೆಯೆತ್ತಿ ಅವನನ್ನು ನೋಡುತ್ತ ಕೂರುತ್ತದೆ, ತಟ್ಟೆಯ ಬಿಸಿ ಆರಿಹೋಗುತ್ತದೆ.