ಅಗ್ಗದ ಮಾಂಸಕ್ಕೆ ಸಣ್ಣ ಬೆಂಕಿ: ಅಮೆರಿಕಕ್ಕೆ ಹೊಸದಾಗಿ ಬಂದ ಮಲೆನಾಡಿನವರಿಗೆ

ಶಿವಮೊಗ್ಗ, ತೀರ್ಥಹಳ್ಳಿ, ಕೊಪ್ಪದ ಕಡೆಯಿಂದ ಅಮೆರಿಕಕ್ಕೆ ಬಂದು ಸಂಸಾರ ಹೂಡಿದವರು ಮೊದಲ ಬೇಸಿಗೆಯಲ್ಲೇ ಗ್ರಿಲ್ ಕೊಂಡು, ಅದರ ಮೇಲೆ ದುಬಾರಿ ಸ್ಟೀಕ್ ಇಟ್ಟು ಒಣಗಿಸಿಕೊಳ್ಳುವುದನ್ನು ನಾನು ಬಹಳ ಕಂಡಿದ್ದೇನೆ. ಆ ಹಣವನ್ನು ಉಳಿಸಿ, ಮೂಳೆಸಹಿತವಾದ ಕೋಳಿಯ ತೊಡೆಯನ್ನೋ ಹಂದಿಯ ಹೆಗಲ ಭಾಗವನ್ನೋ ತನ್ನಿ. ಚೀಟಿಯ ಮೇಲೆ ‘ಪೋರ್ಕ್ ಬಟ್’ ಎಂದಿದ್ದರೂ ಅದು ಮುಂಗಾಲಿನ ಮೇಲಿನ ಹೆಗಲೇ.

ಹೆಗಲು ದಿನವಿಡೀ ದುಡಿಯುವ ಅಂಗವಾದ್ದರಿಂದ ಅದರಲ್ಲಿ ಕೊಲಾಜೆನ್ ಎಂಬ ಗಟ್ಟಿ ನಾರು ಹೆಚ್ಚು. ಮಾಂಸದ ಒಳಗಿನ ಶಾಖ 70 ಡಿಗ್ರಿ ಸೆಲ್ಸಿಯಸ್ ದಾಟಿ ಗಂಟೆಗಟ್ಟಲೆ ನಿಂತಾಗ ಆ ನಾರು ಚೆನ್ನಾಗಿ ಕರಗಿ ಮೆತ್ತನೆಯ ಜೆಲಟಿನ್ ಆಗುತ್ತದೆ. ಉರಿ ಹೆಚ್ಚಿಸಿದರೆ ಹೊರಗೆ ಸೀದು, ಒಳಗೆ ರಬ್ಬರಿನಂತೆ ಉಳಿಯುತ್ತದೆ. ಬಚ್ಚಲೊಲೆಯ ಬಿಸಿಬೂದಿಯಲ್ಲಿ ಗೆಣಸು ಹೂತಿಟ್ಟು ಕಾದವರಿಗೆ ಈ ತಾಳ್ಮೆಯನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ.

ಮುಚ್ಚಳವಿರುವ ಸಾಮಾನ್ಯ ಕೆಟಲ್ ಗ್ರಿಲ್, ಎಂದರೆ ಗುಂಡನೆಯ ಇದ್ದಲ ಗ್ರಿಲ್, ಸಾಕು. ಕೆಂಡವನ್ನು ಒಂದು ಬದಿಗೆ ಒತ್ತರಿಸಿ, ಮಾಂಸವನ್ನು ಇನ್ನೊಂದು ಬದಿಗಿಟ್ಟು, ಅದರ ಕೆಳಗೆ ನೀರು ತುಂಬಿದ ತಟ್ಟೆಯನ್ನಿಡಿ. ಮೇಲಿನ ಗಾಳಿಕಿಂಡಿಯನ್ನು ತೆರೆದೇ ಇಟ್ಟು, ಕೆಳಗಿನದನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ, ಗ್ರಿಲ್ಲಿನ ಒಳಗಿನ ಶಾಖವನ್ನು 110ರಿಂದ 120 ಡಿಗ್ರಿಯೊಳಗೆ ಹಿಡಿಯಬೇಕು. ಹೊಗೆಗೆ ಓಕ್, ಹಿಕರಿ ಅಥವಾ ಸೇಬಿನ ಮರದ ಒಣ ತುಂಡು ಎರಡೋ ಮೂರೋ ಸಾಕು. ಪೈನ್ ಮರವನ್ನಾಗಲಿ ಬಣ್ಣ ಬಳಿದ ಹಲಗೆಯನ್ನಾಗಲಿ ಹಾಕಬಾರದು. ತೆಳುವಾದ ನೀಲಿ ಹೊಗೆ ಒಳ್ಳೆಯದು, ದಟ್ಟವಾದ ಬಿಳಿ ಹೊಗೆ ಮಾಂಸವನ್ನು ಕಹಿ ಮಾಡುತ್ತದೆ. ಮುಚ್ಚಳ ತೆಗೆದು ಇಣುಕಿದಷ್ಟೂ ಬೇಯುವುದು ತಡವಾಗುತ್ತದೆ ಎಂಬುದನ್ನು ಮನೆಗೆ ಬಂದ ನೆಂಟರಿಗೂ ತಿಳಿಸಿಬಿಡಿ.

ಹೆಚ್ಚಿನವರು ಧೈರ್ಯಗೆಡುವುದು ನಡುವೆ. ಮಾಂಸದ ಒಳಗಿನ ಶಾಖ 65–75 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಕದಲದೆ ನಿಲ್ಲುತ್ತದೆ. ಮಾಂಸದ ಮೇಲ್ಮೈಯಿಂದ ಆವಿಯಾಗುವ ನೀರು ಅದನ್ನು ತಣಿಸುತ್ತಿರುವುದೇ ಇದಕ್ಕೆ ಕಾರಣ. ಇದ್ದಲು ಸುರಿಯದೆ, ತುಂಡನ್ನು ಅಲ್ಯೂಮಿನಿಯಂ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ ಮತ್ತೆ ಇಟ್ಟರೆ ಶಾಖ ತಾನಾಗಿ ಏರುತ್ತದೆ. ಸುಮಾರು 95 ಡಿಗ್ರಿ ಮುಟ್ಟಿ, ಚುಚ್ಚಿದ ಕಡ್ಡಿ ತಡೆಯಿಲ್ಲದೆ ಇಳಿದರೆ ಬೆಂದಂತೆ. ಮೂರು ಕಿಲೋ ಹೆಗಲಿಗೆ ಒಂಬತ್ತು ಹತ್ತು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಆದ್ದರಿಂದ ಗಡಿಯಾರವನ್ನು ನಂಬದೆ ಮಾಂಸಕ್ಕೆ ಚುಚ್ಚುವ ಥರ್ಮಾಮೀಟರನ್ನು ಕೊಳ್ಳಿ. ಇಳಿಸಿದ ಮೇಲೆ ಒಂದು ಗಂಟೆ ಬಿಟ್ಟು ಎಳೆಎಳೆಯಾಗಿ ಬಿಡಿಸಿ.

ಕೋಳಿಯ ತೊಡೆ ಇಷ್ಟು ಕಾಯಿಸುವುದಿಲ್ಲ. 74 ಡಿಗ್ರಿಗೆ ಅದು ತಿನ್ನಲು ಸುರಕ್ಷಿತ, ಆದರೆ 80 ದಾಟಿದರೆ ಇನ್ನೂ ಮೃದು.

ಮಸಾಲೆ ನಮ್ಮದೇ ಇರಲಿ. ಹಿಂದಿನ ರಾತ್ರಿ ಉಪ್ಪು ಸವರಿ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಹುರಿದು ಪುಡಿ ಮಾಡಿದ ಕಾಳುಮೆಣಸು, ಕೊತ್ತಂಬರಿ, ಜೀರಿಗೆಯನ್ನು ಒತ್ತಿ ಹಚ್ಚಬೇಕು. ತೆಂಗಿನಕಾಯಿ ಮಸಾಲೆ ಒಣ ಶಾಖಕ್ಕೆ ಸೀಯುತ್ತದೆ. ಊರಿನಿಂದ ತಂದ ಉಪ್ಪಾಗೆ ಹುಳಿಯಿದ್ದರೆ ನೆನೆಸಿ ಕಿವುಚಿ, ಬಿಡಿಸಿದ ಮಾಂಸಕ್ಕೆ ಕೊನೆಯಲ್ಲಿ ಬೆರೆಸಿ. ಅಂಗಡಿಯ ಸಿಹಿ ಸಾಸಿಗಿಂತ ಇದೇ ಹಂದಿಯ ಕೊಬ್ಬಿಗೆ ಸರಿಯಾದ ಜೋಡಿ. ಅಕ್ಕಿರೊಟ್ಟಿಯೊಂದಿಗೆ ತಿಂದು ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ.

ಒಂದು ಎಚ್ಚರಿಕೆ ಇದೆ. ಊರಿನ ಅಡುಗೆಮನೆಯ ಹೊಗೆ ಹೆಂಚಿನ ಸಂದಿಯಲ್ಲಿ ಹೊರಹೋಗುತ್ತಿತ್ತು. ಇಲ್ಲಿನ ಮನೆಗಳಿಗೆ ಚಳಿ ತಡೆಯಲು ಸಂದಿಯೇ ಬಿಟ್ಟಿರುವುದಿಲ್ಲ. ಮಳೆ ಬಂತೆಂದು ಇದ್ದಲ ಗ್ರಿಲ್ಲನ್ನು ಗ್ಯಾರೇಜಿನೊಳಗೆ ಎಳೆದುಕೊಂಡರೆ, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿ ಪ್ರಾಣಕ್ಕೇ ಕುತ್ತಾಗುತ್ತದೆ. ಅನೇಕ ಅಪಾರ್ಟ್‌ಮೆಂಟುಗಳು ಬಾಲ್ಕನಿಯಲ್ಲಿ ಇದ್ದಲು ಉರಿಸಲು ಬಿಡುವುದಿಲ್ಲವಾದ್ದರಿಂದ ಬಾಡಿಗೆ ಕರಾರನ್ನು ಮೊದಲು ಓದಿ. ಅಂಗಳವಿಲ್ಲದವರು ಅದೇ ಹೆಗಲನ್ನು ಮುಚ್ಚಿದ ಪಾತ್ರೆಯಲ್ಲಿಟ್ಟು ಓವನ್ನಿನಲ್ಲಿ 120 ಡಿಗ್ರಿಗೆ ಬೇಯಿಸಬಹುದು. ಹೊಗೆಯ ಪರಿಮಳ ಬಾರದಿದ್ದರೂ ಮಾಂಸ ಅಷ್ಟೇ ಮೆತ್ತಗಾಗುತ್ತದೆ.